ಸಾಹೇಬರ ಸರದಿ

ಟೈಲರಮ್ಮನ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಹರ್ನಿಯಾ. ಕೊಯ್ದು ಹೊಲಿಯುತ್ತಾರೆ, ಆಮೇಲೆ ಮೂರು ವಾರ ಏನನ್ನೂ ಎತ್ತುವ ಹಾಗಿಲ್ಲ. ಕೊಯ್ಯುವುದಕ್ಕೆ, ಹೊಲಿಯುವುದಕ್ಕೆಲ್ಲ ಅವಳು ಹೆದರುವವಳಲ್ಲ, ಅದೇ ಅವಳ ಕಸುಬು. ಅವಳ ಚಿಂತೆಯೆಲ್ಲ ತಮ್ಮನದು.

ತಮ್ಮನೆಂದರೆ ಎಳೆಯನಲ್ಲ, ನಲವತ್ತಾರು ವರ್ಷ, ಅರ್ಧ ತಲೆ ನೆರೆತಿದೆ. ಬುದ್ಧಿ ಹುಟ್ಟಿನಿಂದಲೇ ನಿಧಾನ, ಮಾತು ಲೆಕ್ಕ ಹಾಕಿದರೆ ಇಪ್ಪತ್ತು ದಾಟದು. ಆದರೆ ಅಂಗಡಿಯ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುವ ಠೀವಿ ಇದೆಯಲ್ಲ, ಅದಕ್ಕೇ ಬೀದಿಯವರು ಅವನನ್ನು ಸಾಹೇಬರು ಎಂದು ಕರೆಯುವುದು. ಎರಡು ವರ್ಷದ ಹಿಂದೆ ಅಮ್ಮ ತೀರಿಹೋದಳು. ಅಂದಿನಿಂದ ಸಾಹೇಬರು ಎರಡೂ ತೋಳುಗಳನ್ನು ಪಕ್ಕೆಗೆ ಒತ್ತಿ ಹಿಡಿದವರು ಬಿಡಲೇ ಇಲ್ಲ. ಮೂಳೆಯಲ್ಲಿ ದೋಷವಿಲ್ಲ ಎಂದರು ಡಾಕ್ಟರು. ದೋಷವಿಲ್ಲ, ಸರಿ, ಅಂಗಿ ತೊಡಿಸುವವರು ಯಾರು? ಅಕ್ಕನೇ. ಆ ಮೂರು ವಾರ ಅವರನ್ನು ಇಟ್ಟುಕೊಳ್ಳುವಂಥ ಆಶ್ರಮ ಒಂದೇ ಇತ್ತು. ಅದರ ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಅಂಗಿ ತಾವೇ ಹಾಕ್ಕೊಳ್ಳೋರಾದ್ರೆ ಮಾತ್ರ ತಗೋತೀವಿ ಅಮ್ಮ. ನಮ್ಮಲ್ಲಿ ಜನ ಕಡಿಮೆ."

ಅದಕ್ಕೇ, ಕುಣಿದಾದರೂ ತೋಳು ಸಡಿಲವಾಗಲಿ ಎಂದು, ಸಾಹೇಬರು ಡ್ಯಾನ್ಸ್ ಕ್ಲಾಸಿಗೆ ಸೇರಿದ್ದು. ಪ್ರತಿ ಮಂಗಳವಾರ ಬೆಳಿಗ್ಗೆ, ಸೋಫಾ ಅಂಗಡಿಯ ಮೇಲಿನ ಹಾಲ್‌ನಲ್ಲಿ, ಸಾಹೇಬರಂಥ ಒಂಬತ್ತು ಜನ. ಡ್ಯಾನ್ಸ್ ಟೀಚರ್ ಎಂದರೆ ಬಳ್ಳಿಯ ಹಾಗೆ ಬಳುಕುವವಳು ಎಂದುಕೊಂಡಿದ್ದರೆ ಮರೆತುಬಿಡಿ. ಅರವತ್ತರ ದಪ್ಪ ಹೆಂಗಸು, ಬಲ ಮಂಡಿಗೆ ಪಟ್ಟಿ. ಅವರು ಯಾರಿಗೂ ಹೆಜ್ಜೆ ಕಲಿಸುತ್ತಿರಲಿಲ್ಲ. ಎಲ್ಲರೂ ಸುತ್ತ ನಿಲ್ಲಬೇಕು, ಒಬ್ಬರು ನಡುವೆ. ನಡುವೆ ಇದ್ದವರು ಮೂಗು ಕೆರೆದರೆ ಎಲ್ಲರೂ ಮೂಗು ಕೆರೆಯಬೇಕು. ಟೀಚರೂ ಕೆರೆಯಬೇಕು. ಅಷ್ಟೇ ಪಾಠ. ಮನೆಯವರಿಗೆ ಒಳಗೆ ಪ್ರವೇಶವಿಲ್ಲ, ಬಾಗಿಲ ಗಾಜಿನಲ್ಲಿ ನೋಡಬಹುದು.

ನಾಲ್ಕು ವಾರ ಸಾಹೇಬರು ಪಾದ ಕುಟ್ಟಿದರು, ತಲೆ ಆಡಿಸಿದರು. ಐದನೇ ವಾರ ಎಡತೋಳು ಪಕ್ಕೆಯಿಂದ ನಾಲ್ಕು ಬೆರಳು ದೂರ ಬಂತು. ಬೇರೆಯವರಿಗೆ ಕಂಡಿರಲಿಕ್ಕಿಲ್ಲ, ಟೈಲರಮ್ಮನ ಅಳತೆಗಣ್ಣಿಗೆ ಬಿತ್ತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳೆಲ್ಲಿ ಸುಮ್ಮನಿರುತ್ತಾಳೆ? ಮನೆಯಲ್ಲಿ ತಾನೇ ಟೀಚರಾದಳು. ಟೇಪು ಹಿಡಿದು, ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಒಂದು, ಎರಡು, ಎತ್ತು. ಇಲ್ಲೀವರೆಗೆ" ಎಂದು ಶುರುಮಾಡಿದಳು.

ಮುಂದಿನ ಮಂಗಳವಾರ ಸಾಹೇಬರು ನಡುವೆ ನಿಂತವರು ಗರ ಬಡಿದವರ ಹಾಗೆ ನಿಂತುಬಿಟ್ಟರು. ಪಾದವೂ ಇಲ್ಲ, ತಲೆಯೂ ಇಲ್ಲ. ಗಾಜಿನ ಕಡೆ ಕಣ್ಣು ನೆಟ್ಟು ಅಕ್ಕನ ಎಣಿಕೆಗೆ ಕಾಯುತ್ತಿದ್ದರು.

ಟೀಚರ್ ಹೊರಗೆ ಬಂದರು. "ಮನೇಲಿ ಏನು ಮಾಡಿಸ್ತಿದ್ದೀರಿ?"

"ಏನಿಲ್ಲ ಮೇಡಂ, ಸ್ವಲ್ಪ ಪ್ರಾಕ್ಟೀಸು."

"ಸ್ವಲ್ಪ ಅಂದ್ರೆ?"

"ಬೆಳಿಗ್ಗೆ ಮುಕ್ಕಾಲು ಗಂಟೆ. ಸಂಜೆ ಮುಕ್ಕಾಲು ಗಂಟೆ."

"ನೀವು ಅಳತೆ ತಗೊಳ್ಳೋ ಮೊದಲೇ ಯಾರಾದ್ರೂ ಬಂದು ಬಟ್ಟೆ ಕತ್ತರಿಸಿಬಿಟ್ರೆ ಏನ್ಮಾಡ್ತೀರಿ?"

"ಬಾಯಿಗೆ ಬಂದ ಹಾಗೆ ಬೈತೀನಿ."

"ನಾನು ಬೈಯೋದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬನ್ನಿ."

ಟೈಲರಮ್ಮ ಒಳಗೆ ಹೋಗಿ ಸಾಲಿನಲ್ಲಿ ನಿಂತಳು. ಪಕ್ಕದಲ್ಲಿದ್ದ ಐವತ್ತರ ಹೆಂಗಸಿಗೆ ಎಲ್ಲರೂ ರೇಡಿಯೋ ಅನ್ನುತ್ತಿದ್ದರು, ಬಾಯಿ ನಿಲ್ಲುವುದೇ ಇಲ್ಲ. "ಅಕ್ಕಾ, ಸಾಹೇಬ್ರು ಮಾಡಿದ್ದನ್ನೇ ಮಾಡ್ಬೇಕು. ಜಾಸ್ತಿ ಮಾಡೋ ಹಾಗಿಲ್ಲ."

"ಅವನು ಏನೂ ಮಾಡ್ತಿಲ್ವಲ್ಲೇ."

"ನೀವೂ ಏನೂ ಮಾಡ್ಬೇಡಿ, ಮತ್ತೆ."

ಟೈಲರಮ್ಮ ತೋಳುಗಳನ್ನು ಪಕ್ಕೆಗೆ ಒತ್ತಿ ಹಿಡಿದಳು. ಒಂದು ನಿಮಿಷ. ಎರಡು. ಕತ್ತು ಬಿಗಿಯಿತು, ಬೆನ್ನು ಉರಿಯಿತು, ಉಸಿರು ಮೇಲೆಯೇ ನಿಂತಿತು. ಇಷ್ಟು ದಿನ ತಮ್ಮ ಸುಮ್ಮನೆ ನಿಂತಿದ್ದಾನೆ ಎಂದುಕೊಂಡಿದ್ದಳು. ಇದು ಸುಮ್ಮನಿರುವುದೇ? ಕಲ್ಲು ಹೊರುವ ಕೆಲಸ. ಎರಡು ವರ್ಷದಿಂದ ದಿನವಿಡೀ ಹೊತ್ತಿದ್ದಾನೆ, ಒಂದು ದಿನವೂ ಗೊಣಗಿಲ್ಲ. ಎಣಿಸಬೇಕೆಂದು ನಾಲಿಗೆ ತುರಿಸಿತು. ಕಚ್ಚಿಕೊಂಡಳು.

ಗಾಜಿನಲ್ಲಿ ಅಕ್ಕ ಕಾಣದೆ ಸಾಹೇಬರು ಸುತ್ತ ನೋಡಿದರು. ಎಲ್ಲರೂ ತಮ್ಮ ಹಾಗೆಯೇ ನಿಂತಿದ್ದಾರೆ. ಅನುಮಾನ ಬಂತು. ಒಂದು ಕೆನ್ನೆ ಉಬ್ಬಿಸಿದರು. ಎಲ್ಲರ ಕೆನ್ನೆ ಉಬ್ಬಿತು. ಅಕ್ಕನ ಹತ್ತಿರ ಬಂದು, ಮೊಣಕೈ ಪಕ್ಕೆಗೆ ಅಂಟಿದ್ದ ಹಾಗೆಯೇ, ಅವಳದೂ ಉಬ್ಬಿದೆಯೇ ಎಂದು ಬೆರಳಿನಿಂದ ಚುಚ್ಚಿ ನೋಡಿದರು. ಉಬ್ಬಿತ್ತು. ಆಮೇಲೆ ಒಂದು ಮೊಣಕೈ ಹೊರಗೆ ಬಂತು, ಇನ್ನೊಂದು ಬಂತು. ತೋಳುಗಳು ಭುಜದ ಮಟ್ಟಕ್ಕೆ ಏರಿದವು, ಕಿವಿಯವರೆಗೂ ಹೋಗಿ ನಿಂತವು. ಸಾಹೇಬರು ತಮ್ಮ ಕೈಗಳನ್ನೇ ನೋಡುತ್ತಿದ್ದರು, ಯಾರೋ ಆಗಷ್ಟೇ ತಂದುಕೊಟ್ಟಂತೆ.

"ಇನ್ನೊಂಚೂರು..." ಎಂದಳು ಟೈಲರಮ್ಮ.

"ಶ್," ಎಂದರು ಟೀಚರ್. ಮಂಡಿ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಆದರೂ ಅವರ ಕೈ ಸರಿಯಾಗಿ ಕಿವಿಯ ಮಟ್ಟದಲ್ಲಿತ್ತು, ಕೂದಲೆಳೆಯಷ್ಟೂ ಮೇಲಿರಲಿಲ್ಲ. ನಲವತ್ತು ವರ್ಷ ಕುಣಿದ ಕೈ ಅದು. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಟೈಲರಮ್ಮ ತಮ್ಮನಿಗೊಂದು ಅಂಗಿ ಕೊಟ್ಟು, ಅವನದೇ ಇನ್ನೊಂದನ್ನು ತಾನು ಹಿಡಿದು ಎದುರಿಗೆ ನಿಂತಳು. ಸಾಹೇಬರು ಬಲಗೈಯನ್ನು ಅಂಗಿಯ ಎಡತೋಳಿಗೆ ತೂರಿಸಿದರು. ಅವಳೂ ತೂರಿಸಿದಳು. ಅಕ್ಕನ ಅವತಾರ ನೋಡಿ ಸಾಹೇಬರು ಬಿದ್ದು ಬಿದ್ದು ನಕ್ಕರು. ನಕ್ಕು ಸಾಕಾದ ಮೇಲೆ ತಾವೇ ಬಿಚ್ಚಿ ಸರಿಯಾಗಿ ಹಾಕಿದರು. ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೇ ದಿನ ಮ್ಯಾನೇಜರ್ ತನ್ನ ಕೋಣೆಯಲ್ಲಿ ಅಂಗಿ ಕೊಟ್ಟು, ಗಡಿಯಾರ ನೋಡುತ್ತ ಕೂತ. ಸಾಹೇಬರಿಗೆ ಅವಸರವಿರಲಿಲ್ಲ. ಒಂದು ತೋಳು ಹೋಯಿತು, ಇನ್ನೊಂದು ಹೋಯಿತು. ಗುಂಡಿ ಹಾಕಿ ಮುಗಿಸಿದಾಗ ಕಾಲರ್ ಒಂದು ಕಡೆ ಏರಿತ್ತು, ಒಂದು ಕಡೆ ಇಳಿದಿತ್ತು.

"ಗುಂಡಿ ಮೇಲೆ ಕೆಳಗೆ ಆಗಿದೆ," ಎಂದು ಮ್ಯಾನೇಜರ್ ಎದ್ದು ಕೈ ಚಾಚಿದ.

"ಮುಟ್ಬೇಡಿ ಸಾರ್," ಎಂದಳು ಟೈಲರಮ್ಮ. "ಅವನದು ಇನ್ನೂ ಮುಗಿದಿಲ್ಲ."

ಮ್ಯಾನೇಜರ್ ಕೈ ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ಕಾದರು. ಸಾಹೇಬರು ಗಲ್ಲ ಇಳಿಸಿ ಕಾಲರ್ ನೋಡಿಕೊಂಡರು, ಹುಬ್ಬು ಗಂಟಿಕ್ಕಿದರು, ಕೆಳಗಿನ ಗುಂಡಿಯಿಂದ ಒಂದೊಂದಾಗಿ ಬಿಚ್ಚತೊಡಗಿದರು.