ಕೊಸರಿಲ್ಲದ ಹತ್ತು

ನಾನು ಒಂದು ಸೈಕಲ್ ಟ್ಯೂಬು. ಕಾರ್ಖಾನೆಯಲ್ಲಿ ಕರಿ ರಬ್ಬರನ್ನು ಬಿಸಿ ಅಚ್ಚಿಗೆ ಹಾಕಿ ನನ್ನನ್ನು ಹುಟ್ಟಿಸಿದಾಗ ನನ್ನೊಳಗೆ ಏನೂ ಇರಲಿಲ್ಲ. ಗಾಳಿ ಆಮೇಲೆ ಬಂತು, ಜೊತೆಗೆ ಸೊಕ್ಕೂ ಬಂತು. ಲಕ್ಷ್ಮೇಶ್ವರದ ಪೋಸ್ಟ್‌ಮ್ಯಾನ್ ಒಬ್ಬನ ಹಿಂದಿನ ಗಾಲಿಯಲ್ಲಿ ನಾಲ್ಕು ವರ್ಷ ತಿರುಗಿದೆ. ಊರಿನ ಕಾಗದಗಳೆಲ್ಲ ನನ್ನ ಬೆನ್ನ ಮೇಲೆಯೇ ಹೋದವು. ಒಂದನ್ನೂ ನಾನು ಓದಲಿಲ್ಲ. ಜಾಲಿಮುಳ್ಳು ಮಾತ್ರ ಆರು ಸಲ ನನ್ನನ್ನು ಓದಿತು.

ಮೊದಲ ಐದು ಸಲ ತೇಪೆ ಹಾಕಿದವನು ಸಂತೆಪೇಟೆಯಲ್ಲಿ ಮನೆ ಮುಂದೆಯೇ ಸೈಕಲ್ ಅಂಗಡಿ ಇಟ್ಟಿದ್ದ ಫಕ್ಕೀರಪ್ಪ. ಆರನೆಯ ಸಲ ನನ್ನನ್ನು ನೀರಲ್ಲಿ ಅದ್ದಿ, ಏಳುವ ಗುಳ್ಳೆ ನೋಡಿ, "ಇದರ ಕತಿ ಮುಗೀತು" ಎಂದು ಗೂಟಕ್ಕೆ ನೇತುಹಾಕಿದ.

ಅವನ ಹೆಂಡತಿ ನೀಲವ್ವನ ಬಗ್ಗೆಯೂ ಸಂತೆಯಲ್ಲಿ ಅದೇ ಮಾತು ನಡೆದಿತ್ತು. ಮೂವತ್ತು ವರ್ಷ ಸಂತೆಕಟ್ಟೆಯ ಮೇಲೆ ಸೇರಿನಲ್ಲಿ ಜೋಳ ಅಳೆದವಳು. ಈಗ ಮೊಳಕಾಲಿಗೆ ಸಂಧಿವಾತ. ಕಟ್ಟೆಗೆ ಐದು ಮೆಟ್ಟಿಲು. ಎರಡು ಸಂತೆ ಕೆಳಗೇ ನಿಂತು ವಾಪಸು ಬಂದಿದ್ದಳು. ಯುಗಾದಿಯ ಮೇಲಿನ ಮೊದಲ ಸಂತೆಗೂ ಹತ್ತದಿದ್ದರೆ ಜಾಗ ಬೇರೆಯವರಿಗೆ ಎಂದು ಕಟ್ಟೆಯವರು ಹೇಳಿಬಿಟ್ಟಿದ್ದರು. ಆಗಿನ್ನೂ ಸಂಕ್ರಾಂತಿ ಕಳೆದಿತ್ತಷ್ಟೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಮೇಡಂ, ಕುರ್ಚಿಯ ಕಾಲಿಗೂ ಪಾದದ ಕೀಲಿಗೂ ರಬ್ಬರ್ ಪಟ್ಟಿ ಕಟ್ಟಿ, ದಿನಕ್ಕೆ ಹತ್ತು ಸಲ ನಿಧಾನವಾಗಿ ಕಾಲು ಚಾಚಬೇಕು ಎಂದರಂತೆ. ಫಕ್ಕೀರಪ್ಪ ಮನೆಗೆ ಬಂದವನೇ ಗೂಟದಿಂದ ನನ್ನನ್ನು ಇಳಿಸಿ, ಗಾಳಿ ಕುಡಿಯುವ ನನ್ನ ಬಾಯನ್ನು ಕತ್ತರಿಸಿ ಎಸೆದ. ಆ ಕ್ಷಣದಿಂದ ನಾನು ಔಷಧ!

ನೀಲವ್ವ ಸಂತೆಯ ರೂಢಿಯಂತೆ ಎಣಿಸಿದಳು: "ಲಾಭ... ಎರಡು... ಮೂರು..." ಅಳೆಯುವವರು ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ಹತ್ತಾಯಿತು. ಫಕ್ಕೀರಪ್ಪ, ಅಳತೆ ಮುಗಿದ ಮೇಲೂ ಇನ್ನೊಂದು ಹಿಡಿ ಕೇಳುವ ಗಿರಾಕಿಯಂತೆ ಕೈಯೊಡ್ಡಿ, "ಕೊಸರು ಹಾಕೂದಿಲ್ಲೇನು?" ಎಂದ.

"ನನ್ನ ಕೈಯಿಂದ ಕೊಸರಿಲ್ದ ಯಾರ್ ಹೋಗ್ಯಾರ?" ಎಂದು ಅವಳು ಮತ್ತೆ ಐದು ಸಲ ನನ್ನನ್ನು ಎಳೆದಳು. ಮರುದಿನ ಕೊಸರು ಎಂಟಾಯಿತು, ಅದರ ಮರುದಿನ ಹನ್ನೆರಡು. ನಾಲ್ಕನೆಯ ದಿನ ಮೊಳಕಾಲು ಬಾತು ಗುಂಡು ಬದನೆಕಾಯಿ ಆಗಿತ್ತು.

ಫಕ್ಕೀರಪ್ಪ ನನ್ನನ್ನು ಬೀದಿಗೆ ಎಸೆಯಲು ಹೊರಟ.

"ಅದರದೇನು ತಪ್ಪೈತ್ರಿ?" ಎಂದಳು ನೀಲವ್ವ. "ಕೊಸರು ಹಾಕಿದಾಕಿ ನಾನು, ಬೇಡಿದವ್ರು ನೀವು."

ಮೇಡಂ ಕತೆ ಕೇಳಿ ನಕ್ಕರಂತೆ. "ಕೊಸರು ಗಿರಾಕಿಗೆ ಕೊಡ್ರಿ ಅವ್ವಾರ. ಮೊಳಕಾಲಿಗೆ ಬರೇ ಅಳತಿ." ಬಾವು ಇಳಿದ ಮೇಲೆ ಐದರಿಂದ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಫಕ್ಕೀರಪ್ಪ ನೆಲದ ಮೇಲೆ ಕೂತು, ಗ್ರೀಸು ಹತ್ತಿದ ಅಂಗೈಯಲ್ಲಿ ಅವಳ ಹಿಮ್ಮಡಿ ಹಿಡಿಯುತ್ತಿದ್ದ.

"ಮೆಲ್ಲಕ! ಇದು ನಿಮ್ಮ ಸೈಕಲ್ ಗಾಲಿ ಅಲ್ಲ."

"ಗಾಲಿ ಆಗಿದ್ರ ಇಷ್ಟು ಬೈತಿರಲಿಲ್ಲ ಬಿಡು."

ನೋವು ಹೆಚ್ಚಿದ ದಿನ ಅವನೇ ಬಿಸಿನೀರಿನ ಶಾಖ ಕೊಟ್ಟು, ನನ್ನನ್ನು ಗೂಟದಲ್ಲೇ ಬಿಡುತ್ತಿದ್ದ. ಬರೀ ಬೇಸರ ಬಂದು ಅವಳು ಒಲ್ಲೆ ಎಂದ ದಿನ ಮಾತ್ರ ನನ್ನನ್ನು ತನ್ನ ಕಾಲಿಗೇ ಕಟ್ಟಿಕೊಂಡು, ಜೋರಾಗಿ, "ಒಂದು! ಎರಡು!" ಎನ್ನುತ್ತಿದ್ದ. ಅವಳಿಗೆ ತಡೆಯುತ್ತಿರಲಿಲ್ಲ. "ಲಾಭ ಅನ್ರಿ! ಮುಂಜಾನೆದ್ದು ಎಂಥಾ ಅಪಶಕುನ. ತರ್ರಿ ಇಲ್ಲೆ!" ಎಂದು ನನ್ನನ್ನು ಕಸಿದುಕೊಳ್ಳುತ್ತಿದ್ದಳು. ಅವನು ಮೀಸೆಯಲ್ಲೇ ನಗುವುದು ಕೆಳಗಿದ್ದ ನನಗಷ್ಟೇ ಕಾಣುತ್ತಿತ್ತು.

ಯುಗಾದಿಯ ಮೇಲಿನ ಸಂತೆ ಬಂತು. ಸೈಕಲ್ಲಿನ ಕ್ಯಾರಿಯರ್‌ಗೆ ಜೋಳದ ಚೀಲವನ್ನು ಬಿಗಿದದ್ದು ನಾನೇ. ಕಟ್ಟೆಯ ಕೆಳಗೆ ಫಕ್ಕೀರಪ್ಪ ಕೈಕೊಟ್ಟ.

"ಕೈ ಬ್ಯಾಡ. ಎಣಸ್ರಿ," ಎಂದಳು ನೀಲವ್ವ.

"ಲಾಭ," ಎಂದ. ಅವಳು ಮೊದಲ ಮೆಟ್ಟಿಲು ಹತ್ತಿದಳು. ಎರಡು. ಮೂರು. ನಾಲ್ಕರಲ್ಲಿ ಹಲ್ಲು ಕಚ್ಚಿ ನಿಂತಳು. ಇಡೀ ಕಟ್ಟೆ ನೋಡುತ್ತಿತ್ತು. ಆಮೇಲೆ ಐದು.

"ಕೊಸರು?" ಎಂದ ಫಕ್ಕೀರಪ್ಪ, ಕಣ್ಣೊರೆಸಿಕೊಂಡು.

"ಮೊದ್ಲು ಕುರ್ಚಿ ತರ್ರಿ," ಎಂದಳು. ನೆಲಕ್ಕೆ ಕೂಡುವುದನ್ನು ಅವಳು ಬಿಟ್ಟಿದ್ದಳು, ಜಾಗ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ಬಿರುಕು. ನೀಲವ್ವನ ಕಾಲಿಗೆ ನನಗಿಂತ ಕಿರಿಯ ಟ್ಯೂಬೊಂದು ಬಂದಿದೆ. ಮೊಳಕಾಲು ಚಳಿಗೆ ಇಂದಿಗೂ ನೋಯುತ್ತದೆ; ಹತ್ತು ತಪ್ಪುವುದಿಲ್ಲ. ನಾನು ಕಟ್ಟೆಯ ಮೇಲೆ ಅವಳ ಜೋಳದ ಚೀಲದ ಬಾಯಿ ಕಟ್ಟಿಕೊಂಡಿದ್ದೇನೆ. ಗಾಲಿಯೊಳಗೆ ತಿರುಗಿದ ನಾಲ್ಕು ವರ್ಷ ನನ್ನ ಅಳತೆ. ಆಮೇಲಿನದೆಲ್ಲ ಕೊಸರು. ಜನ ಯಾಕೆ ಅದಕ್ಕಾಗಿ ಕೈಯೊಡ್ಡಿ ನಿಲ್ಲುತ್ತಾರೆಂದು ನನಗೀಗ ಗೊತ್ತು.