ಖಾಲಿ ಗಾಡಿಯ ಭಾರ

ಪಿಕಪ್ ಗ್ಯಾರೇಜಿನೊಳಗೆ ಬಂದ ರೀತಿ ನೋಡಿಯೇ ಹಿಂದೆ ಭರ್ತಿ ಲೋಡಿದೆ ಎಂದುಕೊಂಡ ಮೇಸ್ತ್ರಿ. ಹೋಗಿ ನೋಡಿದರೆ ಒಂದು ತುಂಡು ಹಗ್ಗವೂ ಇರಲಿಲ್ಲ.

“ಬರೀ ಗಾಡಿ ಎಳೆಯೋಕೇ ಏದುಸಿರು ಬಿಡುತ್ತೆ ಅಣ್ಣ,” ಎನ್ನುತ್ತ ಡ್ರೈವರಕ್ಕ ಕೆಳಗಿಳಿದಳು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವಳ ಕಸುಬು. “ಡೀಸೆಲ್ಲಂತೂ ನೀರು ಕುಡಿದಂಗೆ ಕುಡಿಯುತ್ತೆ. ಬ್ರೇಕ್ ಒತ್ತಿದ್ರೂ ನಿಲ್ಲಲ್ಲ.”

“ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸಬೇಕಕ್ಕ. ಮೇವು ಹಾಕದೆ ದುಡಿಸಿದ್ರೆ ಎತ್ತೂ ಮಲಗಿಬಿಡುತ್ತೆ.”

ನಗುತ್ತಲೇ ಕೆಲಸಕ್ಕಿಳಿದ. ಟಾರಿನಂತಾಗಿದ್ದ ಆಯಿಲ್ ಸುರಿದು ಹೊಸದು ತುಂಬಿದ. ಧೂಳು ಮೆತ್ತಿದ ಏರ್ ಫಿಲ್ಟರ್ ಕಿತ್ತೆಸೆದ. ಸವೆದ ಬ್ರೇಕ್ ಶೂ ಬದಲಿಸಿದ. ಕೊನೆಗೆ ಜ್ಯಾಕ್ ಕೊಟ್ಟು ಗಾಡಿ ಎತ್ತಿ, ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನೂ ಹೊಸದಾಗಿ ಕೂರಿಸಿದ.

ಜ್ಯಾಕ್ ಇಳಿಸಿದ. ಗಾಡಿ ಕೆಳಗೆ ಬಂತು. ಚಕ್ರ ನೆಲ ಮುಟ್ಟಿದ ಮೇಲೂ ಎಡ ಮೂಲೆ ಇಳಿಯುತ್ತಲೇ ಹೋಯಿತು. ಹೊಸ ಪಟ್ಟಿಗಳು ಕಿರ್ರೆಂದು ನರಳಿ ಚಪ್ಪಟೆಯಾದವು.

ಮೇಸ್ತ್ರಿಯ ನಗು ಬಾಯಲ್ಲೇ ಉಳಿಯಿತು. ಹಿಂದೆ ಹತ್ತಿ ಕೈಯಾಡಿಸಿದ. ಮಟಮಟ ಮಧ್ಯಾಹ್ನದ ಬಿಸಿಲಿಗೆ ತಗಡೆಲ್ಲ ಕೆಂಡ, ಆ ಮೂಲೆ ಮಾತ್ರ ತಣ್ಣಗಿತ್ತು.

“ಅಕ್ಕ, ಈ ಜಾಗದಲ್ಲಿ ಏನು ಹಾಕಿದ್ರಿ?”

ಅವಳು ಹಳೇ ಟಯರ್ ಮೇಲೆ ಕುಸಿದು ಕೂತಳು.

“ಒಬ್ರು ಅಜ್ಜಿ ಕೂತಿದ್ರು. ರಸ್ತೆ ಅಗಲ ಮಾಡೋಕೆ ಅವರ ಮನೆ ಕೆಡವಿದ್ರು. ಮಗಳ ಮನೆಗೆ ಸಾಮಾನು ಒಯ್ತಿದ್ದೆ. ಮುಂದೆ ಬನ್ನಿ ಅಂದ್ರೆ ಸುತರಾಂ ಒಪ್ಪಲಿಲ್ಲ, ಹಾಸಿಗೆ ಸುರುಳಿ ಮೇಲೆ ಅಲ್ಲೇ ಕೂತ್ರು. ದಾರಿಯುದ್ದಕ್ಕೂ ಒಂದೇ ಮಾತು, ‘ನನ್ನ ಮನೆಗೆ ಬಿಡಮ್ಮ’ ಅಂತ. ಇಲ್ಲದ ಮನೆಗೆ ಹೆಂಗೆ ಬಿಡ್ಲಿ ಹೇಳಿ? ಮಗಳ ಮನೆ ಮುಂದೆ ಹಿಂಬಾಗಿಲು ತೆಗೆದಾಗ... ಕೂತಲ್ಲೇ ಉಸಿರು ನಿಂತಿತ್ತು.”

ಮೇಸ್ತ್ರಿ ಬೆರಳು ಬೆರಳನ್ನೂ ಬಟ್ಟೆಗೆ ಒರೆಸಿಕೊಂಡ.

“ಕೀ ಕೊಡಿ. ಆ ಮನೆ ಎಲ್ಲಿತ್ತು ತೋರಿಸಿ.”

ಅಲ್ಲೀಗ ಮಟ್ಟ ಮಾಡಿದ ಮಣ್ಣು, ಅದರ ಅಂಚಿಗೆ ಒಂಟಿ ಮೆಟ್ಟಿಲು. ಮರದ ನೆರಳಲ್ಲಿ ರೋಡ್ ರೋಲರಿನವನು ಊಟ ಮಾಡುತ್ತಿದ್ದ. ಮೇಸ್ತ್ರಿ ರಿವರ್ಸ್ ತೆಗೆದು ಗಾಡಿಯನ್ನು ಮೆಟ್ಟಿಲಿನ ಸಮೀಪ ನಿಲ್ಲಿಸಿದ. ಡ್ರೈವರಕ್ಕ ಹಿಂಬಾಗಿಲು ತೆರೆದಳು. ಏನೂ ಆಗಲಿಲ್ಲ.

ಅವಳು ಆ ಮೂಲೆಯತ್ತ ಕೈ ಚಾಚಿದಳು. “ನಿಮ್ಮ ಮನೆ ಬಂತು ಅಜ್ಜಿ. ನಿಧಾನಕ್ಕೆ ಇಳೀರಿ. ನಾನು ಹಿಡ್ಕೊಂಡಿದ್ದೀನಿ.”

ಅವಳ ತೋಳು ಒಮ್ಮೆಲೇ ಕೆಳಕ್ಕೆ ಜಗ್ಗಿತು. ತತ್ತರಿಸಿದರೂ ಬಿಡಲಿಲ್ಲ. ಪಟ್ಟಿಗಳು ಒಂದೊಂದಾಗಿ ಸಡಿಲಿ, ಗಾಡಿಯ ಹಿಂಭಾಗ ಎದ್ದು ನಿಂತಿತು. ಡ್ರೈವರಕ್ಕ ಗಾಳಿಯನ್ನೇ ಹಿಡಿದು, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಮೆಟ್ಟಿಲವರೆಗೂ ನಡೆಸಿಕೊಂಡು ಹೋದಳು. ಅಲ್ಲಿ ಕೈ ಹಗುರಾಯಿತು. ಅವಳಿಗೆ ಅಳು ಒತ್ತರಿಸಿ ಬಂತು.

ರೋಲರಿನವನು ತುತ್ತು ಕೈಯಲ್ಲೇ ಹಿಡಿದು ಕೇಳಿದ, “ಯಾರನ್ನ ಇಳಿಸಿದ್ರಿ?”

ಇಬ್ಬರೂ ಗಾಡಿ ಹತ್ತಿದರು. ಹಿಂತಿರುಗುವಾಗ ಗಾಡಿ ಹಂಪುಗಳ ಮೇಲೆ ಕರುವಿನಂತೆ ನೆಗೆಯಿತು. ಬೆನ್ನ ಹಿಂದೆ ರೋಲರ್ ಶುರುವಾದ ಸದ್ದು ಕೇಳಿತು. ಮೆಟ್ಟಿಲ ಹತ್ತಿರ ಬರುತ್ತಲೇ ಕೆಮ್ಮಿ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು.

“ಅಣ್ಣೋ!” ಎಂದು ರೋಲರಿನವನು ಕೂಗಿದ.

ಮೇಸ್ತ್ರಿ ತಿರುಗಿ ನೋಡದೆ ಗೇರ್ ಬದಲಿಸಿದ.