ಸಾರ್ವಿ ಹೊಳೆ ಹತ್ತಿದ ಮೀನುಗಳ ಎಣಿಕೆ

ನಮ್ಮ ಸಾರ್ವಿ ಹೊಳೆಗೆ ಅಡ್ಡಲಾಗಿ ಹನ್ನೊಂದು ಹಳೆಯ ಕಟ್ಟೆಗಳಿವೆ. ಹಿಂದೆ ಗಿರಣಿ ತಿರುಗಿಸಲು ಕಟ್ಟಿದವು. ಗಿರಣಿಗಳು ಹಾಳಾದವು, ಕಟ್ಟೆಗಳು ಉಳಿದವು. ಮೊಟ್ಟೆಯಿಡಲು ಸಮುದ್ರದಿಂದ ಹೊಳೆ ಹತ್ತಿ ಬರುವ ಟ್ರೌಟ್ ಮೀನುಗಳಿಗೆ ದಾರಿ ಇಲ್ಲದಾಯಿತು. ಪ್ರತಿ ಕಟ್ಟೆಯ ಪಕ್ಕ ಕಲ್ಲಿನ ಮೆಟ್ಟಿಲುಗಾಲುವೆ ಮಾಡಿ ಮೀನನ್ನು ಮೇಲೆ ಕಳಿಸುವ ಯೋಜನೆಯೊಂದು ಆರು ವರ್ಷ ನಡೆಯಿತು. ಅದರ ಕಚೇರಿಯಲ್ಲಿ ಪತ್ರ ಬರೆಯುವ ಕೆಲಸ ನನ್ನದು.

ಕೊನೆಯ ವರ್ಷದ ಆಗಸ್ಟ್‌ನಲ್ಲಿ ಹಣ ಕೊಟ್ಟವರ ಕಡೆಯಿಂದ ಮೌಲ್ಯಮಾಪನಕ್ಕೆಂದು ಹಿಲ್ಲೆವಿ ಬಂದಳು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ನಮ್ಮ ಮುಖ್ಯಸ್ಥ ರೈನೆ ಅವಳ ಮುಂದೆ ಕಡತಗಳ ರಾಶಿಯನ್ನೇ ಇಟ್ಟ. ಹನ್ನೊಂದರಲ್ಲಿ ಹನ್ನೊಂದೂ ಪೂರ್ಣ, ಎಲ್ಲವೂ ಗಡುವಿನೊಳಗೆ. ಸಹಿಯೊಂದೇ ಬಾಕಿ. ಹಿಲ್ಲೆವಿ ಎರಡು ದಿನ ಓದಿದಳು. ಮೂರನೆಯ ದಿನ ಬೂಟು ಹಾಕಿಕೊಂಡು ಹೊಳೆಯ ದಡ ಹಿಡಿದು ನಡೆದಳು.

ಐದನೆಯ ಕಟ್ಟೆಯ ಬಳಿ ಲೆಂಪಿ ಎಂಬ ಅಜ್ಜಿಯ ಮನೆ. ಅಜ್ಜಿ ಅಂಗಳದಲ್ಲಿ ಬಲೆ ಒಣಹಾಕುತ್ತಿದ್ದಳು. ಮೆಟ್ಟಿಲು ಹೇಗಿದೆ ಎಂದು ಹಿಲ್ಲೆವಿ ವಿಚಾರಿಸಿದಳು.

“ಮೆಟ್ಲು ಚೆನ್ನಾಗಿದೆ ಕಣಮ್ಮ, ನಾನೇ ಇಳಿದು ಕಾಲು ತೊಳ್ಕೋತೀನಿ. ಮೀನು ಹತ್ತಿದ್ದನ್ನ ಮಾತ್ರ ಇವತ್ತಿನವರೆಗೂ ಕಂಡಿಲ್ಲ.”

ಕಚೇರಿಗೆ ಮರಳಿದ ಹಿಲ್ಲೆವಿ ಆರು ವರ್ಷದ ನಮೂನೆಗಳನ್ನೆಲ್ಲ ಮತ್ತೆ ತೆಗೆಸಿದಳು. ಕಲ್ಲಿನ ತೂಕ, ಕೆಲಸದ ದಿನಗಳು, ಸಭೆಗಳ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಮೀನು ಎಂಬ ಪದವೇ ಇರಲಿಲ್ಲ. ಆ ನಮೂನೆಗಳನ್ನು ಅಚ್ಚುಕಟ್ಟಾಗಿ ತುಂಬಿದವಳು ನಾನೇ. ಮೀನು ಹತ್ತುವ ಕಾಲ ಮುಗಿಯುವವರೆಗೆ ಸಹಿ ಹಾಕುವುದಿಲ್ಲವೆಂದು ಅವಳು ತಿಳಿಸಿದಳು. ರೈನೆ ಕೆಂಪಾದ.

“ಮೆಟ್ಲು ಕಟ್ಟಿ ಅಂದ್ರು, ಕಟ್ಟಿದೀವಿ. ಇನ್ನು ಮೀನಿನ ಕೈ ಹಿಡ್ಕೊಂಡು ನಾನೇ ಹತ್ತಿಸ್ಬೇಕಾ?”

“ಹತ್ತಿಸೋದು ಬೇಡ. ಹತ್ತುತ್ತಾ ಅಂತ ನೋಡಿದ್ರೆ ಸಾಕು.”

ಸೆಪ್ಟೆಂಬರಿನಲ್ಲಿ ಎಣಿಕೆ ಶುರುವಾಯಿತು. ಯಂತ್ರಗಳೇನೂ ಇರಲಿಲ್ಲ. ಪ್ರತಿ ಕಾಲುವೆಯ ಮೇಲ್ತುದಿಯಲ್ಲಿ ನೀರಿನಡಿ ಒಂದು ಬಿಳಿ ಹಲಗೆ ಹಾಸಿದೆವು. ಅದರ ಮೇಲೆ ಮೀನು ಹಾಯ್ದರೆ ಕಪ್ಪಗೆ ಕಾಣುತ್ತದೆ. ಊರಿನವರು ಕಾಫಿ ಫ್ಲಾಸ್ಕು, ರೈ ಧಾನ್ಯದ ರೊಟ್ಟಿ ಕಟ್ಟಿಕೊಂಡು ಬಂದು ಸರದಿಯ ಮೇಲೆ ಕೂತು, ಮೀನಿಗೊಂದರಂತೆ ಹಾಳೆಯ ಮೇಲೆ ಗೀಟು ಎಳೆದರು. ಮೊದಲ ನಾಲ್ಕು ಕಟ್ಟೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮೀನು ಹತ್ತಿದವು. ಐದನೆಯದರಲ್ಲಿ ಒಂದೂ ಇಲ್ಲ. ಅಲ್ಲಿಂದ ಮೇಲೆ ಎಲ್ಲ ಹಾಳೆಗಳೂ ಖಾಲಿ.

ಕಾಲ ಮುಗಿದ ಮೇಲೆ ಯೋಜನೆಯ ಸಭೆಯಲ್ಲಿ ಹಿಲ್ಲೆವಿ ಅದನ್ನು ಇದ್ದಂತೆಯೇ ಓದಿದಳು.

“ನನ್ನ ಆರು ವರ್ಷಾನ ಒಂದೇ ಹಾಳೇಲಿ ಮುಳುಗಿಸ್ಬಿಟ್ರಲ್ಲ,” ಎಂದ ರೈನೆ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ಆ ದನಿಯಲ್ಲಿ.

“ಮುಳುಗಿಸಿಲ್ಲ ರೈನೆ. ನಾಲ್ಕು ಕಡೆ ಗೆದ್ದಿದೀರಿ. ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತಾನೂ ಈಗ ಗೊತ್ತಾಯ್ತು. ಇನ್ನೊಂದು ವರ್ಷ ಕೇಳೋಣ.”

ವರ್ಷ ಸಿಕ್ಕಿತು. ಕಾರಣವನ್ನು ತೋರಿಸಿಕೊಟ್ಟವಳು ಲೆಂಪಿ. ಮೀನು ರಭಸದ ನೀರನ್ನು ಹುಡುಕಿ ಬಲದಂಡೆಗೆ ಹೋಗುತ್ತದೆ, ಮೆಟ್ಟಿಲಿನ ಬಾಯಿ ಎಡದಂಡೆಯಲ್ಲಿದೆ, ಪಾಪ ಅವು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿವೆ ಎಂದಳು. ಆರು ವರ್ಷದಲ್ಲಿ ಯಾಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಯಾರೂ ಕೇಳಲಿಲ್ಲವಲ್ಲ ಎಂದು ಸಹಜವಾಗಿ ಉತ್ತರಿಸಿದಳು. ಬೇಸಿಗೆಯಲ್ಲಿ ರೈನೆಯ ಕೆಲಸಗಾರರು ಬಂಡೆಗಳನ್ನು ಸರಿಸಿ ರಭಸವನ್ನು ಎಡಕ್ಕೆ ತಿರುಗಿಸಿದರು.

ಈ ಸಲ ಹಿಲ್ಲೆವಿ ಕಾಲ ಮುಗಿಯುವವರೆಗೆ ಕಾಯಲಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಎಣಿಕೆಯ ಹಾಳೆ ಕಚೇರಿಯ ಗೋಡೆಗೆ ಏರಬೇಕು, ಪ್ರತಿ ಮಂಗಳವಾರ ಯಾರಾದರೂ ಮೀನು ನಿಂತ ಜಾಗಕ್ಕೆ ಹೋಗಿ ನೋಡಬೇಕು ಎಂದು ಗೊತ್ತುಮಾಡಿದಳು. ಮೊದಲ ವಾರ ಐದನೆಯ ಕಟ್ಟೆಯಲ್ಲಿ ಮತ್ತೆ ಸೊನ್ನೆ. ರೈನೆಯ ಮುಖ ಇಳಿಯಿತು. ಮಂಗಳವಾರವೇ ಹೋಗಿ ಇನ್ನೆರಡು ಬಂಡೆ ಸರಿಸಿದರು. ಎರಡನೆಯ ವಾರ ಹದಿನೇಳು, ಮೂರನೆಯ ವಾರ ತೊಂಬತ್ತು. ಆಮೇಲೆ ಮೀನುಗಳು ಎಂಟನೆಯದರಲ್ಲಿ ಸಿಕ್ಕಿಕೊಂಡವು. ಮರದ ದಿಮ್ಮಿಯೊಂದು ಬಾಯಿಗೆ ಅಡ್ಡ ಬಿದ್ದಿತ್ತು. ಮೂರೇ ದಿನದಲ್ಲಿ ತೆಗೆದರು. ಹಿಂದಿನ ಪದ್ಧತಿಯಲ್ಲಾಗಿದ್ದರೆ ಅದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಅಕ್ಟೋಬರ್ ಒಂಬತ್ತರಂದು ಹನ್ನೊಂದನೆಯ ಕಟ್ಟೆಯಲ್ಲಿ ರೈನೆಯದೇ ಸರದಿ. ನಾನು ರೊಟ್ಟಿ ಕೊಡಲು ಹೋಗಿದ್ದೆ. ಅವನು ಹೊಟ್ಟೆಯಡಿ ಬಟ್ಟೆಯೆಲ್ಲ ಒದ್ದೆ ಮಾಡಿಕೊಂಡು ಕಲ್ಲಿನ ಮೇಲೆ ಬೋರಲು ಮಲಗಿದ್ದ. ಬಿಳಿ ಹಲಗೆಯ ಮೇಲೆ ಮೊಳದುದ್ದದ ಕಪ್ಪು ನೆರಳೊಂದು ಹಾಯಿತು. ಹಿಂದೆಯೇ ಇನ್ನೊಂದು.

“ನೋಡಿದೆ ತಾನೇ? ನಾನೊಬ್ನೇ ಅಂದ್ರೆ ಹಿಲ್ಲೆವಿ ನಂಬಲ್ಲ. ನೀನೂ ಸಹಿ ಹಾಕು,” ಎಂದ. ಎರಡು ಗೀಟು ಎಳೆದು ಹಾಳೆಯನ್ನು ನನ್ನತ್ತ ಚಾಚಿದ.

ಆ ಶರತ್ಕಾಲದಲ್ಲಿ ನೂರ ನಲವತ್ತಮೂರು ಮೀನು ಹನ್ನೊಂದೂ ಕಟ್ಟೆ ದಾಟಿ ಮೇಲಿನ ಜಲ್ಲಿ ಹಾಸಿನಲ್ಲಿ ಮೊಟ್ಟೆಯಿಟ್ಟವು. ಊರ ಸಭಾಂಗಣದಲ್ಲಿ ಹಿಲ್ಲೆವಿ ವರದಿ ಓದಿದಾಗ ನಿಲ್ಲಲು ಜಾಗವಿರಲಿಲ್ಲ. ಮೀನು ಹತ್ತದ ವಾರಗಳನ್ನೂ ಅವಳು ಓದದೆ ಬಿಡಲಿಲ್ಲ. ಜನ ಅವಕ್ಕೂ ಚಪ್ಪಾಳೆ ತಟ್ಟಿದರು. ಪಕ್ಕದ ಕಣಿವೆಯಿಂದ ಬಂದಿದ್ದವರು ಎದ್ದು, ತಮ್ಮ ಹೊಳೆಯ ಕೆಲಸ ವಸಂತದಲ್ಲಿ ಶುರುವಾಗಲಿದೆ, ಮೊದಲ ಕಲ್ಲು ಇಡುವ ಮುಂಚೆಯೇ ಹಿಲ್ಲೆವಿ ಬರಬೇಕೆಂದು ಕೇಳಿಕೊಂಡರು.

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ರೈನೆ ಎದ್ದ.

“ಬರ್ತಾಳೆ. ಅವಳ ಕೈಕೆಳಗೆ ಎಣಿಸೋಕೆ ನಾನೂ ಬರ್ತೀನಿ.”

ಹಿಲ್ಲೆವಿ ಜೋರಾಗಿ ನಕ್ಕಳು. ಆ ನಗುವನ್ನು ನಾವು ಕೇಳಿದ್ದು ಅದೇ ಮೊದಲು.